ನಡುಹೊಳೆಯಲ್ಲೇ ಉಳಿದ ಕರು

ನಾನು ಚಿಕ್ಕವಳಿದ್ದಾಗ ಡಾಂಬರು ಗುಳಿಗೆಯ ವಾಸನೆ ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ, ಮಕ್ಕಳೇ. ಅದು ನಾಸಿಕ ಊರಿನ ನಮ್ಮ ಶಾಲೆಯಲ್ಲಿ ಹುಳ ಹತ್ತದಂತೆ ಆ ಗುಳಿಗೆ ಇಟ್ಟಿದ್ದ ಪುಸ್ತಕದ ಕಪಾಟಿನ ವಾಸನೆ. ಅಪ್ಪ ಬೀದರಿನಿಂದ ಆ ಊರಿನ ಸಾತಪುರದ ಕಾರ್ಖಾನೆಗೆ ಕೆಲಸಕ್ಕೆ ಬಂದಿದ್ದರು. ನಾನು ಅಲ್ಲಿನ ಮರಾಠಿ ಶಾಲೆಗೆ ಹೋಗುತ್ತಿದ್ದೆ. ತರಗತಿಯಲ್ಲೇ ಗಾಜಿನ ಬಾಗಿಲಿನ ಕಪಾಟು, ವೇಳಾಪಟ್ಟಿಯಲ್ಲಿ ‘ವಾಚನ’ ಎಂಬ ಅವಧಿ, ಎರಡೂ ಇದ್ದವು. ಆದರೆ ಕಪಾಟಿಗೆ ಸದಾ ಬೀಗ. ವಾಚನದ ಅವಧಿಯಲ್ಲಿ ನಾವು ಮಗ್ಗಿ ಕೂಗುತ್ತಿದ್ದೆವು! ಗಾಜಿಗೆ ಮೂಗು ಒತ್ತಿ ಪುಸ್ತಕದ ಹೆಸರು ಓದಿದರೂ ಗುರುಜಿ ಗದರುತ್ತಿದ್ದರು.

ಒಂದು ದಿನ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಬೀಗ ತೆರೆಯಿತು. ಗುರುಜಿ ಎಲ್ಲರ ಕೈಗೂ ಒಂದೊಂದು ಪುಸ್ತಕ ಕೊಟ್ಟು, “ತೆರೆದು ಹಿಡ್ಕೊಂಡು ಕೂಡ್ರಿ. ಹಾಳಿ ತಿರುವಬ್ಯಾಡ್ರಿ, ಹೊಲಸಾಗ್ತಾವ” ಎಂದು ಮರಾಠಿಯಲ್ಲಿ ಹೇಳಿದರು. ಕೈಗೆ ಪುಸ್ತಕ ಕೊಟ್ಟು ಪುಟ ತಿರುವಬಾರದಂತೆ. ಎಂಥ ಅಸಹ್ಯ ನೋಡಿ!

ನನಗೆ ಸಿಕ್ಕಿದ್ದು ಹೊಳೆಯಲ್ಲಿ ಸಿಕ್ಕಿಬಿದ್ದ ಕರುವಿನ ಕಥೆ. ನೀರು ಅದರ ಕೊರಳಿಗೆ ಬಂದಿತ್ತು. ದಡದಲ್ಲಿದ್ದ ಹುಡುಗಿ ಹಗ್ಗ ಎಸೆದಳು. ಮುಂದೆ? ಮುಂದಿನ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡಿದ್ದವು. ಆಗಿನ ಕೆಲವು ಪುಸ್ತಕಗಳು ಹಾಗೇ ಬರುತ್ತಿದ್ದವು, ಮೊದಲು ಓದುವವರೇ ಅಂಚು ಬಿಡಿಸಿಕೊಳ್ಳಬೇಕಿತ್ತು. ಅಂದರೆ ಅದನ್ನು ಅಲ್ಲಿಯವರೆಗೆ ಯಾರೂ ಓದಿಯೇ ಇರಲಿಲ್ಲ, ಗುರುಜಿ ಕೂಡ! ನನಗೆ ತಡೆಯಲಾಗಲಿಲ್ಲ. ಹಾಳೆಗಳ ನಡುವೆ ಅಳತೆಪಟ್ಟಿ ತೂರಿಸಿ ಎಳೆದೆ. ಸಾಹೇಬರು ಒಳಗೆ ಬರುವುದಕ್ಕೂ ಹಾಳೆ ಚರ್ರೆನ್ನುವುದಕ್ಕೂ ಸರಿಹೋಯಿತು.

ಸಾಹೇಬರು ಪುಸ್ತಕ ಕಸಿದುಕೊಂಡು ಕೂಡಿಕೊಂಡ ಹಾಳೆಗಳನ್ನೆಲ್ಲ ನೋಡಿದರು. ಇದನ್ನು ಯಾಕೆ ಯಾರಿಗೂ ಓದಲು ಕೊಟ್ಟಿಲ್ಲ ಎಂದು ಗುರುಜಿಯನ್ನು ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ: “ಸರಕಾರಿ ಪುಸ್ತಕ ಹರಿದಾಳ! ಯಾರ ಮಗಳು ಇಕಿ?” ನನ್ನನ್ನು ಬಿಸಿಲಿಗೆ ನಿಲ್ಲಿಸಿ ಕಪಾಟಿಗೆ ಮತ್ತೆ ಬೀಗ ಜಡಿದರು.

ಸಂಜೆ ಅಪ್ಪ ಯಂತ್ರದ ಎಣ್ಣೆ ನಾರುವ ಅಂಗಿಯಲ್ಲೇ ಕೂತು ಎಲ್ಲವನ್ನೂ ಕೇಳಿದರು. “ಥೂ ಇವ್ರ! ಪುಸ್ತಕ ಓದ್ಲಿಕ್ಕ ಇಟ್ಟಾರೋ, ಪೂಜಾಕ್ಕ ಇಟ್ಟಾರೋ?” ಎಂದರು. ಅಕ್ಕನಿಗೆ ಬೇರೆಯದೇ ಚಿಂತೆ. “ಕರ ಬದುಕ್ತೇನ?” ಎಂದಳು. ನನಗೆ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.

ಈಗ ಸಂಭಾಜಿನಗರದ ನಿಮ್ಮ ಶಾಲೆಯಲ್ಲಿ ಬಣ್ಣದ ದಿಂಬುಗಳಿಟ್ಟ ಓದುವ ಮೂಲೆಯೇ ಇದೆ. ನಿನ್ನೆ ಮೊಬೈಲಿಗೆ ಬಂದ ಫೋಟೋದಲ್ಲಿ ನೀವು ಪುಸ್ತಕ ಹಿಡಿದು ನಗುತ್ತಿದ್ದಿರಿ. ಕನ್ನಡಕ ಹಾಕಿಕೊಂಡು ನೋಡಿದೆ. ಪುಸ್ತಕಗಳ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಗೇ ಇತ್ತು! ಫೋನಿನಲ್ಲಿ ಕೇಳಿದರೆ, “ಫೋಟೋ ಝಾಲಾ, ಆಯ್ತು ಅಜ್ಜಿ, ಟೀಚರ್ ಬುಕ್ ವಾಪಸ್ ತಗೊಂಡ್ರು” ಎಂದಿರಿ. ಅದೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು.

ನಾಳೆ ಪುಸ್ತಕ ಕೈಗೆ ಬಂದರೆ ಆ ಪ್ಲಾಸ್ಟಿಕ್ ಹರಿದುಬಿಡಿ. ಸಪ್ಪಳವಾದರೆ ಆಗಲಿ. ಯಾರ ಮೊಮ್ಮಕ್ಕಳು ಎಂದು ಕೇಳಿದರೆ ನನ್ನ ಹೆಸರು ಹೇಳಿ.