ಕೊಸರಿಲ್ಲದ ಅಂಗಡಿ

ಮಾಗಿಯ ಚಳಿಯಲ್ಲಿ ಬೆಳಗಿನ ಮೊದಲ ಬಸ್ಸು ಹತ್ತಿ ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ಹೊರಟೆ. ಅವರೆಕಾಯಿಯ ಕಾಲ. ದಾರಿಯಲ್ಲಿರುವ ಒಂದೂರಿನ ಸಂತೆಯಲ್ಲಿ ಸಾಕಮ್ಮನವರ ಹತ್ತಿರ ಕಾಯಿ ಕೊಳ್ಳುವುದು ನನ್ನ ವರ್ಷ ವರ್ಷದ ವಾಡಿಕೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯವರಿಗೆ ತೊಂದರೆ. ಪ್ರವಾಸ ಹೋಗಿ ಬಂದವನು ಊರಿನ ಹೆಸರು ಹೇಳಲು ಹೆದರಬೇಕಾದ ಕಾಲ ಬಂದಿದೆಯಲ್ಲ, ನನ್ನ ಮೊದಲ ಸಿಟ್ಟು ಅದಕ್ಕೇ.

ಇಳಿದು ನೋಡಿದರೆ ಸಂತೆಮಾಳವೇ ಇಲ್ಲ. ಅಲ್ಲೊಂದು ಗಾಜಿನ ದೊಡ್ಡ ಅಂಗಡಿ, ಬಾಗಿಲ ಮೇಲೆ 'ಒಂದು ಕೊಂಡರೆ ಒಂದು ಉಚಿತ' ಎಂಬ ಬ್ಯಾನರು. ಎದುರಿನ ಟೀ ಅಂಗಡಿಯ ರಹಮತ್ ಸಾಬರನ್ನು ಕೇಳಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಮ್ಯಾಲಿಂದ ಆರ್ಡರ್ ಬಂತು ಸಾರ್, ಸಂತೆ ಎತ್ಸಿದ್ರು. ಯಾಕೆ ಅಂತ ಕೇಳ್ದೋರ್ನ ಜೀಪಲ್ಲಿ ತುಂಬ್ಕೊಂಡ್ ಓದ್ರು. ಆಮೇಲ್ ಯಾರೂ ಕೇಳ್ನಿಲ್ಲ. ಸಾಕಮ್ಮ ಒಳಗೇ ಅವ್ಳೆ, ತೂಗೋ ಕೆಲ್ಸಕ್ಕೆ."

ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಸೀರೆಯ ಮೇಲೆ ಅಂಗಡಿಯ ಕೆಂಪು ಟೀಶರ್ಟು ತೊಟ್ಟು ಸಾಕಮ್ಮ ತೂಕದ ಮಿಷನ್ನಿನ ಹಿಂದೆ ನಿಂತಿದ್ದರು. ನನ್ನನ್ನು ಕಂಡು ಮುಖ ಅರಳಿತು. ಅವರೆಕಾಯಿ ತೂಗಿದರು, ಬೆಲೆಯ ಚೀಟಿ ಅಂಟಿಸಿದರು. ಆಮೇಲೆ, ಅಷ್ಟು ವರ್ಷದ ಅಭ್ಯಾಸ, ಇನ್ನೊಂದು ಬೊಗಸೆ ಕಾಯಿ ಕೊಸರೆಂದು ಚೀಲಕ್ಕೆ ಹಾಕಿಬಿಟ್ಟರು. ತೂಗಿದ ಮೇಲೆ ಕೊಸರು ಬೀಳದಿದ್ದರೆ ನಮ್ಮ ಕಡೆ ವ್ಯಾಪಾರ ಮುಗಿದ ಹಾಗೇ ಅಲ್ಲ.

ಕ್ಯಾಮೆರಾದಲ್ಲಿ ಅದನ್ನು ಕಂಡ ಮ್ಯಾನೇಜರ್ ಓಡಿ ಬಂದ.

"ಇದು ಕಳ್ಳತನ ಕಣಮ್ಮ. ಟೀಶರ್ಟ್ ಬಿಚ್ಚಿಟ್ಟು ನಡಿ."

"ಕೊಸ್ರು ಕಣ್ ಸ್ವಾಮಿ! ಕಳ್ತನ ಇಂಗೆ ಎಲ್ರ ಮುಂದೆ ಮಾಡ್ತಾರಾ?"

ಆ ಕಾಯಿಗೂ ದುಡ್ಡು ಕೊಡುತ್ತೇನೆ, ಅವರನ್ನು ಕೆಲಸದಿಂದ ತೆಗೆಯಬೇಡಿ ಎಂದೆ. ಜಾಸ್ತಿ ಮಾತಾಡಿದರೆ ಸ್ಟೇಷನ್ನಿಗೆ ಫೋನ್ ಮಾಡುತ್ತೇನೆ ಎಂದ. ನನ್ನ ಹಿಂದೆ ಸಾಲು ನಿಂತಿದ್ದ ಊರವರತ್ತ ತಿರುಗಿದೆ. ಸಾಕಮ್ಮನವರ ಕೊಸರು ತಿಂದೇ ಬೆಳೆದ ಊರು ಅದು. ಎಲ್ಲರೂ ಕೈಯಲ್ಲಿದ್ದ ಆಫರಿನ ಶಾಂಪೂ ಸೀಸೆಗಳನ್ನೇ ನೋಡುತ್ತಿದ್ದರು.

"ಬಿರ್ನೆ ಮುಗಿಸ್ರೀ, ಆಫರ್ ಓಯ್ತದೆ" ಎಂದ ಒಬ್ಬ.

ಥೂ! ಜೀಪಿನ ಭಯ ನನಗೂ ಇದೆ. ಆದರೆ ಶಾಂಪೂ ಸೀಸೆಯೊಂದು ಬಿಟ್ಟಿ ಸಿಕ್ಕಿತೆಂದು ಆ ಭಯವನ್ನೇ ಸುಖ ಅಂದುಕೊಂಡು ನಿಂತಿದ್ದರಲ್ಲ, ಅದನ್ನು ನೋಡಿ ಮೈಯೆಲ್ಲ ಉರಿಯಿತು.

ಚೀಲ ಅಲ್ಲೇ ಬಿಟ್ಟು ಸಾಕಮ್ಮನವರ ಜೊತೆ ಹೊರಬಂದೆ. ಹುಣಸೂರಿನ ಬಸ್ಸು ಬರುವವರೆಗೂ ಅವರು ನನ್ನ ಜೊತೆ ನಿಂತರು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದರು.

"ಮುಂದಿನ್ ವಾರ ಬನ್ನಿ ಸಾ. ಆ ಅಂಗಡಿ ಬಾಗ್ಲಲ್ಲೇ ಗೋಣಿ ಆಸ್ತೀನಿ."

"ಜೀಪು ಬಂದರೆ?"

"ಬರ್ಲಿ. ಅವ್ರಿಗೂ ತೂಗ್ತೀನಿ. ಕೊಸ್ರು ಮಾತ್ರ ಕೊಡಾಕಿಲ್ಲ."