ಮೊದಲು ಕಾಲಿಗೆ ನೀರು

ಬಿ.ಜಿ. ಕೆರೆಯ ಆಸ್ಪತ್ರೆಗೆ ಕೆಲಸಕ್ಕೆ ಬಂದ ಮೊದಲ ವಾರವೇ ಒಬ್ಬ ಅಜ್ಜಿ ನನ್ನನ್ನು ತಮ್ಮ ಮನೆಯಿಂದ ಆಚೆ ಕಳಿಸಿದರು. ನಾನು ಹೋಗಿದ್ದು ಅವರ ಕಾಲಿನ ಹುಣ್ಣನ್ನು ತೊಳೆದು ಪಟ್ಟಿ ಕಟ್ಟಲು. ಹದಿನಾಲ್ಕು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ರೋಗಿಗಳು ಬೈದದ್ದುಂಟು, ಕೈ ಹಿಡಿದು ಅತ್ತದ್ದುಂಟು, ನನ್ನ ಮೈಮೇಲೆ ವಾಂತಿ ಮಾಡಿದ್ದೂ ಉಂಟು. ಬಾಗಿಲು ತೋರಿಸಿದವರು ಮಾತ್ರ ಯಾರೂ ಇರಲಿಲ್ಲ.

ನನ್ನನ್ನು ಇಲ್ಲಿಗೆ ಕಳಿಸಿದ ಕುಂದಾಪುರದ ಇಗರ್ಜಿಯವರು ನೀವು, ನಮ್ಮ ಚರ್ಚ್ ಪತ್ರಿಕೆಗೆ ‘ಬಯಲುಸೀಮೆಯ ಬಡವರ ನಡುವೆ ನನ್ನ ಸೇವೆ’ ಎಂಬ ತಲೆಬರಹ ಕೊಟ್ಟು ಬರೆಯಲು ಹೇಳಿದ್ದೀರಿ. ಆ ತಲೆಬರಹದ ಕೆಳಗೆ ನಾನು ಒಂದು ಸಾಲನ್ನೂ ಬರೆಯುವುದಿಲ್ಲ. ಯಾಕೆ ಬರೆಯುವುದಿಲ್ಲ ಎಂದು ಹೇಳುವುದಕ್ಕೇ ಈ ಪುಟಗಳು.

ಕುಂದಾಪುರದ ಹೊಳೆ ದಂಡೆಯಲ್ಲಿ ಬೆಳೆದ ನನ್ನನ್ನು ಚಳ್ಳಕೆರೆಯಲ್ಲಿ ಬಸ್ಸಿಳಿದಾಗ ಮೊದಲು ಹೆದರಿಸಿದ್ದು ಆಕಾಶ. ನಮ್ಮಲ್ಲಿ ತೆಂಗಿನ ಗರಿಗಳ ಸಂದಿಯಲ್ಲಿ ತುಂಡು ತುಂಡಾಗಿ ಕಾಣುವ ಆಕಾಶ ಇಲ್ಲಿ ನಾಲ್ಕೂ ಕಡೆ ನೆಲಕ್ಕೆ ಮುಟ್ಟುತ್ತದೆ, ಮರೆಗೆ ನಿಲ್ಲಲು ಜಾಗವೇ ಇಲ್ಲ. ನಮ್ಮ ‘ಉಂಟು’ ಇಲ್ಲಿ ‘ಐತೆ’. ಮೊಳಕಾಲ್ಮೂರಿನ ಕಡೆ ಹೋದಂತೆಲ್ಲ ಮಾತಿನ ನಡುವೆ ತೆಲುಗು ನುಸುಳುತ್ತದೆ. ನೋವಿಗೆ ‘ನೊಪ್ಪಿ’ ಎನ್ನುವವರಿದ್ದಾರೆ. “ಎಲ್ಲಿ ನೊಪ್ಪಿ?” ಎಂದು ಕೇಳಲು ಕಲಿತ ಮೇಲೆ ಆಸ್ಪತ್ರೆಯಲ್ಲಿ ಹೆಂಗಸರು ನನ್ನ ಹತ್ತಿರವೇ ಬಂದು ಕೂರತೊಡಗಿದರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನನಗೆ ಗೊತ್ತಾಗುವಷ್ಟರಲ್ಲಿ ಎದುರಿಗಿದ್ದವರು ನಕ್ಕು ಮುಗಿಸಿದ್ದರು. ಈಗ ಶೇಂಗಾ ಚಟ್ನಿಯ ಜೊತೆ ಎರಡು ಮುದ್ದೆ ಇಳಿಯುತ್ತದೆ. ಮೀನಿನ ಆಸೆ ಮಾತ್ರ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಮನೆ ಹುಡುಕಿದ್ದು ಚಳ್ಳಕೆರೆಯಲ್ಲಿ, ಅಲ್ಲಿಂದ ಬಿ.ಜಿ. ಕೆರೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವುದೆಂದು. ಎರಡು ಕಡೆ “ನೀವು ಯಾವ ಜನ?” ಎಂದು ಕೇಳಿದರು. ಹೇಳಿದ ಮೇಲೆ, ಮನೆ ಆಗಲೇ ಯಾರಿಗೋ ಕೊಟ್ಟಾಗಿದೆ ಎಂದರು. ನಮ್ಮೂರಲ್ಲೂ ಕೇಳುತ್ತಾರೆ, ಸ್ವಲ್ಪ ನಯವಾಗಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಮೂರನೆಯದು ಲಾರಿ ಮೆಕ್ಯಾನಿಕ್ ಒಬ್ಬರ ಮಹಡಿ ಮೇಲಿನ ಕೋಣೆ. ಅವರ ಹೆಂಡತಿ ಶಕೀಲಾ ಏನೂ ಕೇಳದೆ ಮೊದಲು ಚಹಾ ತಂದಿಟ್ಟರು. ಕುಡಿದೆ. ಬೀಗದ ಕೈ ಕೊಟ್ಟರು. ಅವರನ್ನು ನಾನು ‘ಆಪಾ’ ಎನ್ನುತ್ತೇನೆ, ಅವರ ಮನೆಯ ಉರ್ದುವಿನಲ್ಲಿ ಅಕ್ಕ ಎಂದರ್ಥ.

ನನ್ನನ್ನು ಆಚೆ ಕಳಿಸಿದ ಅಜ್ಜಿಯ ಹೆಸರು ಬೋರಮ್ಮ. ಬಿ.ಜಿ. ಕೆರೆಯಿಂದ ಎರಡು ಮೈಲಿ ದೂರದ ಹಟ್ಟಿಯಲ್ಲಿ ಮನೆ. ಕುರಿ ಮೇಯಿಸಲು ಹೋದಾಗ ಚುಚ್ಚಿದ ಜಾಲಿ ಮುಳ್ಳು, ಮೈಯಲ್ಲಿ ಶುಗರ್ ಇದ್ದದ್ದರಿಂದ ಹುಣ್ಣಾಗಿ ಬೆರಳುಗಳಿಗೆ ಹಬ್ಬಿತ್ತು. ದಿನ ಬಿಟ್ಟು ದಿನ ತೊಳೆದು ಕಟ್ಟದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದು ನಮ್ಮ ಡಾಕ್ಟರು ಹೇಳಿದ್ದರು.

ಹೊಸ್ತಿಲ ಹತ್ತಿರ ಹೋದಾಗ ಸೊಸೆ ತಿಪ್ಪಮ್ಮ ಚೊಂಬಿನಲ್ಲಿ ಕಾಲಿಗೆ ನೀರು ತಂದಳು. ದಾರಿಯಲ್ಲಿ ನಲ್ಲಿಯ ಮುಂದೆ ಕೊಡಗಳ ಸಾಲು ನೋಡಿಕೊಂಡು ಬಂದಿದ್ದೆ. ನನ್ನೊಳಗಿನ ಕರುಣೆ ಉಕ್ಕಿತು. “ಬೇಡ ಬೇಡ, ನನ್ನ ಕಾಲಿಗೆಲ್ಲ ಯಾಕೆ ನೀರು ಹಾಳು ಮಾಡ್ತೀರಿ, ಕುಡಿಯಲಿಕ್ಕೆ ಇಟ್ಟುಕೊಳ್ಳಿ” ಎಂದು ನೇರ ಒಳಗೆ ಹೋಗಿ, ಬೋರಮ್ಮನವರ ಕಾಲ ಬುಡದಲ್ಲಿ ನೆಲದ ಮೇಲೆ ಕೂತೆ. ಎಷ್ಟು ವಿನಯ ನನ್ನದು ಎಂದು ಒಳಗೊಳಗೇ ಖುಷಿಯೂ ಆಯಿತು. ಅದನ್ನೂ ಬರೆದುಬಿಡುತ್ತೇನೆ.

ಬೋರಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

“ನಮ್ಮನೆ ನೀರು ಬ್ಯಾಡ, ನನ್ನ ಕಾಲು ಮಾತ್ರ ಬೇಕಾ ನಿಂಗೆ?”

“ಹಾಗಲ್ಲ ಅಜ್ಜಿ, ನಿಮಗೆ ನೀರಿನ ಕಷ್ಟ ಅಂತ...”

“ಕಷ್ಟ ಐತೆ ಅಂತ ನಾನು ನಿನ್ನತ್ರ ಬಂದು ಹೇಳಿದ್ನಾ? ನಮ್ಮನೆ ನೀರು ಮುಟ್ಟದೋರ್ನ ಸಣ್ಣೋಳಿದ್ದಾಗ್ಲಿಂದ ನೋಡೀನಿ ಕಣವ್ವ. ನೀನೇನು ಹೊಸಬಳಲ್ಲ. ಏಳು, ಹೋಗು.”

ತಿಪ್ಪಮ್ಮ ತಲೆ ತಗ್ಗಿಸಿ ನಿಂತಿದ್ದಳು. ನಾನು ಎದ್ದು ಬಂದೆ.

ಎರಡು ದಿನ ಬಿಟ್ಟು ಮತ್ತೆ ಹೋದೆ. ಬಾಗಿಲು ತೆರೆಯಲಿಲ್ಲ. ತಿಪ್ಪಮ್ಮ ಹಿತ್ತಿಲಿಂದ ಬಂದು, “ವಾಸ್ನೆ ಬರಾಕ್ ಶುರುವಾಗೈತೆ ಸಿಸ್ಟ್ರಮ್ಮ. ಆದ್ರೂ ನಿಮ್ಮ ಹೆಸರೆತ್ತಿದ್ರೆ ಉರಿದ್ ಬೀಳ್ತಾರೆ” ಎಂದು ಕಣ್ಣೊರೆಸಿಕೊಂಡಳು. ಒಂದು ಕಾಲು ನನ್ನ ಒಳ್ಳೆಯತನದ ಕಾರಣದಿಂದ ಕೊಳೆಯುತ್ತಿತ್ತು.

ಅಂದು ಸಂಜೆ ಆಪಾ ಮುಂದೆ ಸಿಟ್ಟಿನಿಂದಲೇ ಕೂಗಾಡಿದೆ. ಇಷ್ಟು ದೂರ ಬಂದು ಸೇವೆ ಮಾಡುತ್ತೇನೆ ಎಂದರೂ ಬೇಡವಂತೆ, ಮುದುಕಿಗೆ ಎಷ್ಟು ಜಂಬ ಎಂದೆ. ಆಪಾ ಅಕ್ಕಿ ಆರಿಸುತ್ತಲೇ ಹೇಳಿದರು: “ತಪ್ಪು ನಿಮ್ದೇ ಐತೆ ಸಿಸ್ಟರ್. ಪಾನಿ ಬೇಡ ಅಂದ್ರೆ ಮನೇನೇ ಬೇಡ ಅಂದಂಗೆ. ಅವತ್ತು ನಮ್ಮ ಚಾ ಬೇಡ ಅಂದಿದ್ರೆ ನಾನೂ ನಿಮಗೆ ರೂಮು ಕೊಡ್ತಿರ್ಲಿಲ್ಲ.”

ನನಗೆ ಮುಖಕ್ಕೆ ಹೊಡೆದಂತಾಯಿತು. ಪವಿತ್ರ ಗುರುವಾರದ ಪೂಜೆಯಲ್ಲಿ, ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ, ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಆ ಹನ್ನೆರಡು ಜನ ಮನೆಯಲ್ಲೇ ಸೋಪು ಹಚ್ಚಿ ಕಾಲು ತಿಕ್ಕಿಕೊಂಡು ಬರುತ್ತಾರೆಂಬುದೂ ನಮಗೆ ಗೊತ್ತು. ತೊಳೆಯುವವರ ದೀನತೆಯ ಬಗ್ಗೆ ಎಷ್ಟು ಪ್ರಸಂಗ ಕೇಳಿದ್ದೇವೆ! ತೊಳೆಸಿಕೊಳ್ಳುವವರ ಬಗ್ಗೆ ಒಂದಾದರೂ ಕೇಳಿದ್ದೇವೆಯೇ? ಶಿಷ್ಯರಲ್ಲಿ ಹಿರಿಯವನು ತನ್ನ ಕಾಲು ತೊಳೆಯುವುದು ಬೇಡವೆಂದು ಯೇಸುವನ್ನು ತಡೆದನಲ್ಲ, ಅದು ಅವನ ವಿನಯ ಎಂದೇ ನಾನು ತಿಳಿದಿದ್ದೆ. ಅದು ಅಹಂಕಾರ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ನನ್ನ ಕೈ ಕೆಳಗೆ ಬರಬಾರದು ಎಂಬ ಹಟವನ್ನೇ ನಾನು ಸೇವೆ ಎಂದು ಕರೆಯುತ್ತಾ ಬಂದಿದ್ದೆ.

ಮರುದಿನ ಬೋರಮ್ಮನವರ ಹೊಸ್ತಿಲ ಆಚೆಯೇ ಚಪ್ಪಲಿ ಬಿಟ್ಟು ನಿಂತೆ. “ಅಜ್ಜಿ, ಬಿಸಿಲಲ್ಲಿ ನಡೆದು ಬಂದಿದ್ದೇನೆ. ಕಾಲಿಗೆ ನೀರು ಕೊಡ್ತೀರಾ?” ಎಂದೆ. ಬಹಳ ವರ್ಷಗಳ ಮೇಲೆ ಯಾರ ಬಳಿಯೋ ಏನನ್ನೋ ಕೇಳಿದ್ದೆ.

ಒಳಗಿನಿಂದ ತಿಪ್ಪಮ್ಮನ ದನಿ, “ನೀವು ಏಳಬ್ಯಾಡ್ರಿ ಅತ್ತೆ, ನಾ ಕೊಡ್ತೀನಿ.”

“ಬಿಡು. ನನ್ನನ್ನ ಕೇಳವ್ಳೆ.”

ಬೋರಮ್ಮ ಗೋಡೆ ಹಿಡಿದುಕೊಂಡು, ಆ ಕಾಲನ್ನು ಎಳೆಯುತ್ತ ಬಾಗಿಲಿಗೆ ಬಂದರು. ಹುಣ್ಣು ನೆಲಕ್ಕೆ ತಾಗಿದಾಗಲೆಲ್ಲ ತುಟಿ ಕಚ್ಚುತ್ತಿದ್ದರು. ಕೂತುಕೊಳ್ಳಿ ಎನ್ನಲು ನನ್ನ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಚೊಂಬು ಬಗ್ಗಿಸಿ ನನ್ನ ಎರಡೂ ಕಾಲಿಗೆ ನಿಧಾನವಾಗಿ ನೀರು ಹುಯ್ದರು, ಹಿಮ್ಮಡಿ ತೋಯುವ ತನಕ. ನನಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು ಅದು.

“ಅಳ್ತೀಯಾಕೆ, ಒಳಿಕ್ ಬಾ” ಎಂದರು. ಕಂಬಳಿಯ ಮೇಲೆ ಕೂರಿಸಿ ಮಜ್ಜಿಗೆ ಕೊಡಿಸಿದರು. ಕುಡಿದ ಮೇಲೆ ತಾವಾಗಿಯೇ ಕಾಲು ಮುಂದೆ ಚಾಚಿ ಹೇಳಿದರು, “ಈಗ ನೋಡು.”

ಎರಡು ಬೆರಳು ಹೋದವು. ಕಾಲು ಉಳಿಯಿತು. ನಾನು ಮೊದಲನೆಯ ದಿನವೇ ಆ ನೀರಿಗೆ ಕಾಲೊಡ್ಡಿದ್ದರೆ ಬೆರಳುಗಳೂ ಉಳಿಯುತ್ತಿದ್ದವೋ ಏನೋ, ಡಾಕ್ಟರು ಹೇಳಿಲ್ಲ, ನಾನೂ ಕೇಳಿಲ್ಲ.

ದೇವರ ಕಣ್ಣಿನಿಂದ ಲೋಕವನ್ನು ನೋಡಬೇಕು ಎಂದು ನೀವು ನನ್ನನ್ನು ಕಳಿಸಿದಿರಿ. ಹಾಗೆಂದರೆ ಮೇಲಿನಿಂದ ನೋಡುವುದು ಎಂದು ನಮ್ಮೆಲ್ಲರ ಲೆಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಡಿ, ನಾನೂ ನಿಮ್ಮಲ್ಲೊಬ್ಬಳೇ. ಆದರೆ ಶಿಷ್ಯರ ಕಾಲು ತೊಳೆದ ಆ ಸಂಜೆ ಯೇಸುವಿನ ಕಣ್ಣು ಎಲ್ಲಿತ್ತು? ಅವರ ಮೊಣಕಾಲಿನ ಮಟ್ಟದಲ್ಲಿತ್ತು. ಪಟ್ಟಿ ಕಟ್ಟುತ್ತ ಕೂತರೆ ಬೋರಮ್ಮನವರ ಮುಖವನ್ನು ನಾನು ತಲೆ ಎತ್ತಿಯೇ ನೋಡಬೇಕು. ಅಲ್ಲಿಂದ ನೋಡಿದರೆ ‘ಪಾಪ’ ಎನ್ನುವ ಮಾತು ಬಾಯಿಗೆ ಬರುವುದೇ ಇಲ್ಲ.

ಆದ್ದರಿಂದ ನೀವು ಕೇಳಿದ ಫೋಟೋ ಕಳಿಸುವುದಿಲ್ಲ. ಬೋರಮ್ಮನವರ ಕಾಲು ನಮ್ಮ ಇಗರ್ಜಿಯ ಗೋಡೆಗೆ ಅಂಟಿಸುವ ಚಿತ್ರವಲ್ಲ. ನೀವು ಕಳಿಸುತ್ತೇವೆ ಎಂದ ಹಳೆಯ ಬಟ್ಟೆಯ ಗಂಟುಗಳೂ ಬೇಡ. ಇದು ಸೊಕ್ಕು ಎಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ.

ಕ್ರಿಸ್ಮಸ್ ಹೊತ್ತಿಗೆ ನಿಮ್ಮಲ್ಲಿ ಕೆಲವರು ಇಲ್ಲಿಗೆ ಬರುವ ಯೋಚನೆಯಲ್ಲಿದ್ದೀರಿ ಎಂದು ನಿನ್ನೆ ಬೋರಮ್ಮನವರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ, “ಎಷ್ಟು ಮಂದಿ? ಅಡಿಗೆಗೆ ನೋಡ್ಕಬೇಕಲ್ಲ.” ಆಮೇಲೆ, “ಅವತ್ತು ನೀನು ನಮ್ಜೊತೆ ಬಡಿಸಾಕ್ ನಿಲ್ತೀಯೋ, ಅವ್ರ್ ಜೊತೆ ಉಣ್ಣಾಕ್ ಕೂರ್ತೀಯೋ?” ಎಂದರು.

ಅದು ನಾನು ತೀರ್ಮಾನಿಸಬೇಕಾದದ್ದು. ನೀವು ಎಷ್ಟು ಮಂದಿ ಬರುತ್ತೀರಿ, ಅದನ್ನು ಮಾತ್ರ ಬೇಗ ತಿಳಿಸಿ.