ಗಿಟಾರಿನ ಕತ್ತು ಕೂಡಿಸಿದ್ದು

ಅಟ್ಟದ ಮೇಲಿಂದ ಗಿಟಾರು ಇಳಿಸು ಅಂತ ನಮ್ಮ ಯಜಮಾನರು ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಕೊಬ್ಬರಿಯಾಗಲಿ ಅಂತ ಬಿಟ್ಟಿದ್ದ ತೆಂಗಿನಕಾಯಿ ಅಟ್ಟದ ತುಂಬ ಇತ್ತು. ಅದನ್ನೆಲ್ಲ ಸರಿಸಿಕೊಂಡು ಮೂಲೆಯ ಗೋಣಿಚೀಲ ಹುಡುಕೋದು ನನ್ನ ಸೊಂಟಕ್ಕೆ ಆಗೋ ಕೆಲಸವಾ? ಆದರೂ ಗೊಣಗಿಕೊಂಡೇ ಏಣಿ ಹತ್ತಿದೆ.

ಹತ್ತದೆ ಇರೋಕೆ ಆಗುತ್ತಿರಲಿಲ್ಲ. ಹೋದ ವರ್ಷ ಅವರಿಗೆ ಸಣ್ಣಗೆ ಸ್ಟ್ರೋಕ್ ಆಗಿತ್ತು. ಕಾಲು ಸರಿಹೋಯಿತು, ಮಾತೂ ಸರಿಹೋಯಿತು, ಎಡಗೈ ಬೆರಳುಗಳು ಮಾತ್ರ ಮೊಂಡು ಬಿದ್ದವು. ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟು, ದಿನಾ ಅಮುಕಬೇಕು, ಕೆಲಸ ಕೊಡದಿದ್ದರೆ ಬೆರಳು ಹೀಗೇ ಉಳಿದುಬಿಡುತ್ತವೆ ಅಂದಿದ್ದರು. ಇವರು ಆ ಚೆಂಡನ್ನು ಕಿಟಕಿಯ ಮೇಲಿಟ್ಟವರು ಮತ್ತೆ ಮುಟ್ಟಲಿಲ್ಲ. ತಿಪಟೂರಿನ ನಮ್ಮ ಕೊಬ್ಬರಿ ಮಂಡಿಗೆ ಹೋಗುವಾಗಲೂ ಎಡಗೈಗೆ ಟವೆಲ್ಲು ಸುತ್ತಿಕೊಂಡೇ ಹೋಗುತ್ತಿದ್ದರು. ಮನೆಯಲ್ಲಾದರೂ ತೆಗೀರಿ ಅಂದರೆ ಉರಿದುಬೀಳುತ್ತಿದ್ದರು. ಅಂಥ ಮನುಷ್ಯ ಬಾಯಿಬಿಟ್ಟು ಏನೋ ಒಂದು ಕೇಳಿದರಲ್ಲ ಅಂತ ಹತ್ತಿದೆ.

ಮದುವೆಗೆ ಮುಂಚೆ ಇವರು ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರು ಬಾರಿಸುತ್ತಿದ್ದರಂತೆ. ಮಾವ ತೀರಿಕೊಂಡು ವ್ಯಾಪಾರ ತಲೆಮೇಲೆ ಬಿದ್ದಾಗ ತಾವೇ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರಂತೆ. ಚೀಲದೊಳಗೆ ಕೆಂಪು ಬಣ್ಣದ ಭಾರವಾದ ಮೈ ಇತ್ತು. ಹಳೇ ಪಂಚೆಯಲ್ಲಿ ಸುತ್ತಿದ ಉದ್ದನೆಯ ಕತ್ತು ಬೇರೆ ಇತ್ತು. ನಾನು ಮೈಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನಮ್ಮ ಕಡೆ ಅಟ್ಟದಿಂದ ಏನು ಇಳಿದರೂ ಹಾಗೆ ಮಾಡೋದೇ ರೂಢಿ, ಕಾಯೊಳಗೆ ಕೊಬ್ಬರಿ ಬಿಟ್ಟುಕೊಂಡಿದ್ದರೆ ಗುಡುಗುಡು ಅನ್ನುತ್ತೆ.

"ಲೇ, ಅದೇನು ಕೊಬ್ರಿಕಾಯೇನೇ!" ಅಂತ ಇವರು ನಕ್ಕುಬಿಟ್ಟರು. ಎಷ್ಟೋ ತಿಂಗಳ ಮೇಲೆ ಆ ನಗು ಕೇಳಿದೆ. ಹೊಸ ತಂತಿಗಳನ್ನು ನನಗೆ ಹೇಳದೆ ಆಗಲೇ ತುಮಕೂರಿನಿಂದ ತರಿಸಿಟ್ಟಿದ್ದರು ಕಳ್ಳ.

ಇಲ್ಲದೇ ಇದ್ದದ್ದು ಕತ್ತು ಕೂಡಿಸೋ ಸ್ಕ್ರೂಗಳು. ಗಿಟಾರಿನ ಬೆನ್ನಿಗೆ ಒಂದು ಉಕ್ಕಿನ ತಗಡು, ಅದರಲ್ಲಿ ನಾಲ್ಕು ತೂತು. ಸ್ಕ್ರೂ ಮೈಯನ್ನು ಹಾದುಹೋಗಿ ಕತ್ತಿನ ಮರವನ್ನು ಕಚ್ಚಿ ಹಿಡಿಯಬೇಕು. ನಾನು ಬಸ್ಸು ಹತ್ತಿ ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಇದ್ದುದರಲ್ಲೇ ಉದ್ದನೆಯವನ್ನು ಆರಿಸಿ ತಂದೆ. ಉದ್ದ ಇದ್ದಷ್ಟೂ ಗಟ್ಟಿ ಅಂತ ನನ್ನ ಲೆಕ್ಕ. ಇವರು ಒಂದನ್ನು ಕತ್ತಿನ ಪಕ್ಕ ಹಿಡಿದು ನೋಡಿ ತಲೆಯಾಡಿಸಿದರು.

"ಇದು ತೂರ್ಕೊಂಡು ಆಚೆ ಬತ್ತದೆ ಕಣೇ. ಬೆರಳು ಒತ್ತೋ ಜಾಗದಲ್ಲೇ ಮೊಳೆ ಎದ್ದಂಗಾಯ್ತದೆ."

ಮತ್ತೆ ಹೋಗಿ ಚಿಕ್ಕವನ್ನು ತಂದೆ. ಅವು ಹಳೇ ತೂತಿನಲ್ಲಿ ಸುಮ್ಮನೆ ಗಿರಗಿರ ತಿರುಗಿದವೇ ಹೊರತು ಕಚ್ಚಲಿಲ್ಲ. ಇವರ ಮುಖ ಸಪ್ಪಗಾಯಿತು.

"ಬುಡು, ಹೋಗ್ಲಿ. ಕಟ್ಟಿ ಮೇಲೆ ಹಾಕ್ಬುಡು," ಅಂದು ಕೈಯನ್ನು ಟವೆಲ್ಲಿನೊಳಗೆ ಎಳೆದುಕೊಂಡರು.

ನನಗೆ ಭಯವಾಯಿತು. ಇದನ್ನೂ ಬಿಟ್ಟರೆ ಆ ಬೆರಳುಗಳನ್ನೂ ಬಿಟ್ಟಂತೆಯೇ ಅನ್ನಿಸಿತು. ಭಯ ಆದಾಗ ನನಗೆ ಬರೋದು ಸಿಟ್ಟೇ. ಅಡುಗೆಮನೆಗೆ ಹೋಗಿ ತುರಿಮಣೆ ಎಳೆದುಕೊಂಡು ಕೂತು, ಕಾಯಿಹೋಳನ್ನು ಹಲ್ಲಿಗೆ ಕೊಟ್ಟು ತಿಕ್ಕಿದ ಏಟಿಗೆ ಮಣೆಯೇ ಜರುಗಿತು. ಸರಿಮಾಡೋಣ ಅಂತ ಬಗ್ಗಿದಾಗ ಕಂಡವು ನೋಡಿ: ಕಬ್ಬಿಣದ ಬುಡವನ್ನು ಹಲಸಿನ ದಪ್ಪ ಹಲಗೆಗೆ ಹಿಡಿದಿದ್ದ ನಾಲ್ಕು ಸ್ಕ್ರೂ. ತಲೆಗಳು ಚಪ್ಪಟೆಯಲ್ಲ, ಕೊಂಚ ಉಬ್ಬಿದ್ದವು. ಕಾಯೆಣ್ಣೆ ಕುಡಿದು ಕುಡಿದು ತುಕ್ಕಿನ ಸುಳಿವಿಲ್ಲದೆ ಮಿಂಚುತ್ತಿದ್ದವು.

"ಅತ್ತೇ, ಇವು ಎಲ್ಲಿಯವು?" ಅಂತ ಕೂಗಿದೆ.

ಹಿತ್ತಲಲ್ಲಿ ಪೊರಕೆಗೆ ತೆಂಗಿನ ಗರಿಯ ಕಡ್ಡಿ ಸೀಳುತ್ತಿದ್ದ ನಮ್ಮತ್ತೆ ಕೂತಲ್ಲಿಂದಲೇ ಹೇಳಿದರು. "ಅವಾ? ನೀನು ಬರೋಕೆ ಮುಂಚೆ ಮಣೆ ಅಲ್ಲಾಡ್ತಿತ್ತು ಕಣವ್ವ. ಆಚಾರಿ ಸ್ಕ್ರೂ ಕೊಡಿ ಅಂದ. ನಿನ್ನ ಗಂಡ ಅದೇನೋ ಬಿಚ್ಚಿ ಡಬ್ಬೀಲಿ ಹಾಕಿದ್ದ, ಸುಮ್ನೆ ಬಿದ್ದಿದ್ವು, ಕೊಟ್ಟೆ."

ಸುಮ್ನೆ ಬಿದ್ದಿದ್ವಂತೆ! ಮದುವೆಯಾದಾಗಿನಿಂದ ಗಂಡನ ಗಿಟಾರಿನ ಸ್ಕ್ರೂಗಳ ಮೇಲೆ ಕೂತು ನಾನು ಚಟ್ನಿಗೆ ಕಾಯಿ ತುರಿದಿದ್ದೇನೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಚ್ಚಿ, ಎಣ್ಣೆತಲೆ ತೊಳೆಯುವ ಹಾಗೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಒರೆಸಿ, ತಟ್ಟೆಯಲ್ಲಿಟ್ಟು ತಂದು ಇವರ ಮುಂದೆ ಇಟ್ಟೆ. ಒಂದನ್ನು ಎತ್ತಿಕೊಂಡು ನೋಡಿದರು. ಬೆನ್ನಿನ ತಗಡಿನ ತೂತಿಗೆ ಇಟ್ಟರು, ತಲೆ ಸರಿಯಾಗಿ ಕೂತಿತು. ಮಣೆಯ ದಪ್ಪ ಹಲಗೆಗೆ ನಾನು ಮೊದಲು ತಂದಿದ್ದ ಉದ್ದನೆಯ ಸ್ಕ್ರೂಗಳೇ ಸರಿಹೋದವು.

ಗಿಟಾರನ್ನು ಮಂಚದ ಮೇಲೆ ಮಗ್ಗುಲಾಗಿ ನಿಲ್ಲಿಸಿಕೊಂಡೆವು. ತಿರುಪುಳಿ ನನ್ನ ಕೈಯಲ್ಲಿ, ಅಪ್ಪಣೆ ಅವರ ಬಾಯಲ್ಲಿ.

"ಮೊದ್ಲು ಹಿಂದಕ್ಕೆ ತಿರುಗ್ಸು. ಹಳೇ ದಾರೀಲಿ ಟಕ್ ಅಂತ ಕೂತ್ಕೊಂಡ್ಮೇಲೆ ಮುಂದಕ್ಕೆ. ಒಂದನ್ನೇ ಪೂರ್ತಿ ಬಿಗೀಬೇಡ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ."

ಅವರ ಬಲಗೈ ಮೈಯನ್ನು ಹಿಡಿದಿತ್ತು. ಕತ್ತು ಮಾತ್ರ ಕೂತ ಗುಂಡಿಯಿಂದ ಜಾರಿ ಜಾರಿ ಬರುತ್ತಿತ್ತು. ನನ್ನ ಎರಡು ಕೈಯೂ ತಿರುಪುಳಿಗೇ ಬೇಕಾಗಿತ್ತು. ಮತ್ತೆ ಜಾರಿತು.

"ಯಾರಾದ್ರೂ ಹಿಡ್ಕೋಬಾರ್ದಾ ರೀ!" ಅಂತ ರೇಗಿದೆ. ಅಲ್ಲಿ ಇದ್ದವರು ನಾವಿಬ್ಬರೇ ಅನ್ನೋದೂ ಸಿಟ್ಟಿನಲ್ಲಿ ಮರೆತಿತ್ತು.

ಟವೆಲ್ಲು ಅಲುಗಿತು. ಎಡಗೈ ಮೆಲ್ಲಗೆ ಹೊರಗೆ ಬಂತು. ಬೆರಳುಗಳು ಒಂದೊಂದಾಗಿ, ಅನುಮಾನಿಸಿಕೊಂಡು, ಕತ್ತಿನ ಸುತ್ತ ಬಂದು ಕೂತವು. ಹಿಡಿತ ಬಿಗಿಯಾಗಿರಲಿಲ್ಲ, ಆದರೆ ಕತ್ತು ಜಾರಲಿಲ್ಲ. ನಾನು ತಲೆ ಎತ್ತದೆ ತಿರುಗಿಸಿದೆ. ಸ್ಕ್ರೂ ಟಕ್ ಅಂದು ಹಳೇ ದಾರಿಗೆ ಬಿತ್ತು, ಮರ ಕಚ್ಚಿಕೊಂಡಿತು. ಕಣ್ಣು ತುಂಬಿ ಕೊನೆಯ ಸ್ಕ್ರೂವಿನ ತಲೆಯೇ ಕಾಣಲಿಲ್ಲ.

ತಂತಿ ಕಟ್ಟುವಷ್ಟರಲ್ಲಿ ಸಂಜೆಯಾಯಿತು. ಸ್ಪೀಕರ್ ಇಲ್ಲದ ಎಲೆಕ್ಟ್ರಿಕ್ ಗಿಟಾರಿಗೆ ದನಿ ಎಷ್ಟಿರುತ್ತೆ? ಎಡಗೈಯ ತೋರುಬೆರಳಲ್ಲಿ ತಂತಿ ಒತ್ತಿ ಬಲಗೈಯಲ್ಲಿ ಮೀಟಿದರು, ಥಪ್ ಅಂತು. ಮತ್ತೆ ಒತ್ತಿದರು, ಥಪ್. ಬೆವರೊರೆಸಿಕೊಂಡು ಮತ್ತೆ ಒತ್ತಿದಾಗ ತೆಳ್ಳಗೆ, ಸ್ಪಷ್ಟವಾಗಿ ಒಂದು ಸ್ವರ ಬಂತು.

"ಇದೇನ್ಲಾ, ಸೊಳ್ಳೆ ಗುಂಯ್ ಅಂದಂಗೈತೆ," ಅಂದರು ನಮ್ಮತ್ತೆ ಬಾಗಿಲಲ್ಲಿ ನಿಂತು.

"ಇನ್ನೊಂದೀಟು ದಿನ ತಡಿಯವ್ವ," ಅಂದರು ಇವರು, ಇನ್ನೊಂದು ಬೆರಳನ್ನು ತಂತಿಯ ಮೇಲೆ ಇಡುತ್ತ.

ಟವೆಲ್ಲು ಮಂಚದ ಕೆಳಗೆ ಬಿದ್ದಿತ್ತು. ಎತ್ತಿ ಒಗೆಯೋ ಬಟ್ಟೆಗೆ ಹಾಕಿದೆ. ಮಾರನೆಯ ಬೆಳಿಗ್ಗೆ ಮಂಡಿಗೆ ಹೊರಟಾಗ ಅವರು ಅದನ್ನು ಕೇಳಲಿಲ್ಲ.